ಭಾವನ ವ್ಯತ್ಯಾಸದರ್ಶಕ ಅಳಿಸಿದ್ದು

"ನೋಡು ಮಾಧು, ಇನ್ಮೇಲೆ ಕಣ್ಣು ಕಿರಿದು ಮಾಡ್ಕೊಂಡು ಹುಡುಕೋ ಗೋಳೇ ಇಲ್ಲ!" ಎನ್ನುತ್ತ ಚಿದಂಬರ ಭಾವ ಮೇಜಿನ ಮೇಲಿದ್ದ ಯಂತ್ರದ ಮುಸುಕು ತೆಗೆದರು.

ಭಾವ ಪಂಪ್‌ಸೆಟ್ಟುಗಳಿಗೆ ಸರ್ಕ್ಯೂಟ್ ಬೋರ್ಡಿನ ನಕ್ಷೆ ಮಾಡುವವರು. ಮೈಸೂರಿನ ಅವರ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಒಂದೇ ನಕ್ಷೆಯನ್ನು ಎಷ್ಟು ಸಲ ತಿದ್ದುತ್ತಿದ್ದರೆಂದರೆ, ಯಾವುದರಲ್ಲಿ ಏನು ಬದಲಾಗಿದೆಯೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಅದಕ್ಕೇ ಈ 'ವ್ಯತ್ಯಾಸದರ್ಶಕ'. ಹಳೆಯದನ್ನೂ ಹೊಸದನ್ನೂ ಕ್ಯಾಮೆರಾದ ಕೆಳಗಿಟ್ಟರೆ ಪರದೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಸೇರಿಸಿದ್ದು ಹಸಿರು, ತೆಗೆದದ್ದು ಕೆಂಪು.

"ಅಷ್ಟೇ ಅಲ್ಲ ಕಣೋ! ನಕ್ಷೆಯಲ್ಲಿ ಯಾವುದಕ್ಕೂ ತಗಲದೆ ಒಂಟಿಯಾಗಿ ಬಿದ್ದಿರೋ ತಾಮ್ರದ ಚೂರಿಗೆ ತಾನೇ ಕೆಂಪು ಗೆರೆ ಎಳೆದು ಅಳಿಸಿಬಿಡುತ್ತೆ!"

"ಆ ಕ್ಯಾಮೆರಾದ ಕತ್ತು ತಿರುಗಿಸೋಕೆ ನನ್ನ ಮಿಕ್ಸಿ ಮೋಟಾರೇ ಬೇಕಿತ್ತಾ?" ಎಂದಳು ಮೂಲೆಯ ಕುರ್ಚಿಯಿಂದ ವಿಶಾಲಾಕ್ಷಿ ಅಕ್ಕ. ಬೆಳಗಿನಿಂದ ಅವಳು ಗಂಡನೊಡನೆ ಆಡಿದ್ದು ಅದೊಂದೇ ಮಾತು.

ಭಾವ ಗುಂಡಿ ಒತ್ತಿದರು. ಗರ್‍ರ್! ಕ್ಯಾಮೆರಾದ ಕತ್ತು ನಕ್ಷೆಗಳನ್ನು ಬಿಟ್ಟು ಮೇಲೆದ್ದು, ಕೋಣೆಯನ್ನು ನಿಧಾನವಾಗಿ ನೋಡತೊಡಗಿತು.

ಪರದೆಯಲ್ಲಿ, ಕಿಟಕಿಕಟ್ಟೆಯ ಮೇಲಿದ್ದ ಕಾಫಿ ಲೋಟದ ಸುತ್ತ ಕೆಂಪು ಗೆರೆ ಬಿತ್ತು. ನಾನು ತಿರುಗಿ ನೋಡಿದೆ. ಲೋಟವಿಲ್ಲ! ಅದರ ತಳದ ಒದ್ದೆ ಉಂಗುರವಷ್ಟೇ ಉಳಿದಿತ್ತು.

"ಭಾವ, ಲೋಟ?"

"ನೀನೇ ಎಲ್ಲೋ ಇಟ್ಟಿರ್ತೀಯ."

ಆಮೇಲೆ ಬಾಗಿಲ ಬಳಿಯ ಒಂಟಿ ಚಪ್ಪಲಿ. ಆಮೇಲೆ ಕಿಟಕಿಯ ಕಂಬಿಯ ಮೇಲೆ ಗುಟುರು ಹಾಕುತ್ತಿದ್ದ ಪಾರಿವಾಳ. ಅದು ಹಾರಲಿಲ್ಲ. ಗುಟುರು ನಡುವೆಯೇ ತುಂಡಾಯಿತು, ಅಷ್ಟೇ.

"ರೀ, ಕಾಲೆಲ್ಲಾ ತಣ್ಣಗಾಗ್ತಿದೆ..." ಎಂದಳು ಅಕ್ಕ. ಅವಳ ಸೀರೆಯ ಅಂಚಿನ ಕೆಳಗೆ ಪಾದಗಳಿರಲಿಲ್ಲ, ಹಿಂದಿನ ಕುರ್ಚಿಯ ಕಾಲು ಕಾಣುತ್ತಿತ್ತು! ಪರದೆಯಲ್ಲಿ ಕೆಂಪು ಗೆರೆ ಅವಳ ಪಾದದಿಂದ ಮೊಣಕಾಲಿಗೆ ಏರುತ್ತಿತ್ತು.

ಭಾವ ಪರದೆಯತ್ತ ನೋಡಿದರು. "ಅಯ್ಯೋ, ನಿನ್ನನ್ನೂ ಒಂಟಿ ಚೂರು ಅಂದ್ಕೊಂಡಿದೆ ಕಣೇ!" ಎನ್ನುತ್ತ ಹಾರಿ ಅವಳ ಕೈ ಹಿಡಿದುಕೊಂಡರು. ಕೆಂಪು ನಿಂತಿತು. ಇಬ್ಬರ ಬೆರಳುಗಳ ನಡುವೆ ಸಣ್ಣ ಹಸಿರು ಗೆರೆ ಮೂಡಿತು.

"ಬಿಡ್ರೀ, ಮಾಧು ನೋಡ್ತಿದಾನೆ!"

"ಬಿಟ್ರೆ ಹೋಗಿಬಿಡ್ತೀಯ!"

ನಾನು ನೋಡುತ್ತಿದ್ದುದು ನನ್ನ ಹೆಬ್ಬೆರಳನ್ನು. ಅದು ಅರ್ಧ ಮಾಯವಾಗಿತ್ತು! ಒಂದು ಕೈಯಲ್ಲಿ ಭಾವನ ಅಂಗಿ ಹಿಡಿದು, ಇನ್ನೊಂದು ಕೈ ಚಾಚಿ ಗೋಡೆಯ ಪ್ಲಗ್ ಕಿತ್ತೆ.

ಯಂತ್ರ ಆರಲಿಲ್ಲ. ಕಿತ್ತ ತಂತಿ ನೇತಾಡುತ್ತಿದ್ದರೂ ಅದರ ಕತ್ತು ತಿರುಗುತ್ತಲೇ ಹೋಗಿ, ಬೀರುವಿನ ಕನ್ನಡಿಯ ಎದುರು ನಿಂತಿತು. ತನ್ನನ್ನೇ ಬಹಳ ಹೊತ್ತು ನೋಡಿತು. ಯಾವುದಕ್ಕೂ ತಗಲದ ಒಂಟಿ ಪೆಟ್ಟಿಗೆ. ಪರದೆಯ ತುಂಬ ಕೆಂಪು. ಮೇಜು ಖಾಲಿ!

ಅಕ್ಕನ ಕಾಲು, ನನ್ನ ಹೆಬ್ಬೆರಳು ಮೆಲ್ಲಗೆ ಮರಳಿದವು. ಪೂರ್ತಿ ಅಳಿಸಿಹೋಗಿದ್ದ ಪಾರಿವಾಳ ಮಾತ್ರ ಬರಲಿಲ್ಲ.

"ಕೆಲಸ ಮಾತ್ರ ತಪ್ಪಿಲ್ಲದೆ ಮಾಡ್ತು," ಎಂದರು ಭಾವ ಕೊನೆಗೆ, ತಗ್ಗಿದ ದನಿಯಲ್ಲಿ.

"ಏಳಿ, ಅನ್ನಕ್ಕಿಡಬೇಕು," ಎಂದಳು ಅಕ್ಕ. "ಕೈ ಬಿಡಬೇಡಿ."

ಇಬ್ಬರೂ ಒಂದೊಂದೇ ಕೈಯಲ್ಲಿ ಮಾಡಿದ ಅಡುಗೆ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು; ನಾನು ಇನ್ನಷ್ಟು ಅನ್ನ ಕಲಸಿಕೊಂಡು ಉಂಡೆ.