ಹಲ್ಲು ನೋಡಿದ ಮೇಲೂ ಕುದುರದ ವ್ಯಾಪಾರ

ಈಗ ಹೇಳುವುದನ್ನು ನೀವು ನಂಬುವುದಿಲ್ಲ, ಇರಲಿ, ಕೇಳಿ. ನಾನು ದನದ ದಲ್ಲಾಳಿ. ಮುಳಬಾಗಿಲಿನಿಂದ ಮಾಲೂರಿನವರೆಗೆ ಯಾವ ಸಂತೆಯಲ್ಲಿ ಬೇಕಾದರೂ ವಿಚಾರಿಸಿ, ಎತ್ತಿನ ಕಿವಿ ಅಲುಗಿದ್ದನ್ನು ನೋಡಿ ಅದರ ಯಜಮಾನನ ಮನಸ್ಸಿನಲ್ಲಿರುವುದನ್ನು ಹೇಳುವವನು ಯಾರು ಅಂತ. ನನ್ನ ಹೆಸರು ಹೇಳುತ್ತಾರೆ. ಹೇಳದಿದ್ದರೆ ಅವರು ಸಂತೆಗೆ ಹೊಸಬರು. ಅಂಥ ನನಗೆ, ಮೂವತ್ತು ದಾಟಿದ ಗಂಡಸಿಗೆ, ಮದುವೆಯಾಗಿ ನಾಲ್ಕು ವರ್ಷವಾದರೂ ಕಟ್ಟಿಕೊಂಡ ಹೆಂಡತಿಗೆ ಹಾಸಿಗೆಯಲ್ಲಿ ಏನು ಇಷ್ಟ ಎಂಬುದು ಗೊತ್ತಿರಲಿಲ್ಲ. ಅದರಲ್ಲೂ ಬಾಯಿಯಿಂದ ಕೊಡುವ ಸುಖದ ವಿಷಯದಲ್ಲಿ ನಾನು ಪೂರಾ ಅಂದಾಜಿನ ಮೇಲೆ ನಡೆಯುತ್ತಿದ್ದೆ.

ಕೇಳಿ ತಿಳಿದುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಯಾವ ಮಾತಿನಲ್ಲಿ ಕೇಳುವುದು? ಪತ್ರಿಕೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆಯುವ ಡಾಕ್ಟರು ಅದನ್ನು ಮುಖಮೈಥುನ ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದರೆ ಕಾಲು ತೊಳೆದು ಮಣೆಯ ಮೇಲೆ ಕೂರಬೇಕು ಅನಿಸುತ್ತದೆ. ಅದು ಬಿಟ್ಟರೆ ಉಳಿದದ್ದೆಲ್ಲ ಬಸ್ ಸ್ಟ್ಯಾಂಡಿನ ಬೈಗುಳ. ನಡುವೆ ಗಂಡ ಹೆಂಡತಿ ಆಡುವಂಥ ಒಂದು ಸಾದಾ ಮಾತಿಲ್ಲ. ಇದ್ದರೂ ಆಡುವ ಹಾಗಿಲ್ಲ. ನಮ್ಮ ರೂಮಿಗೂ ಅಮ್ಮ ಮಲಗುವ ನಡುಮನೆಗೂ ಮಧ್ಯೆ ಇರುವುದು ಚಿಲಕ ಕೂರದ ಒಂದು ಬಾಗಿಲು. ಬೇರೆ ಜಿಲ್ಲೆಯವರಾದರೆ ತೆಲುಗಿನಲ್ಲಿ ಪಿಸುಗುಟ್ಟಿಕೊಳ್ಳುತ್ತಿದ್ದರೇನೋ. ನಮ್ಮ ಕಡೆ ಕನ್ನಡ ಕೇಳಿಸದ ಮುದುಕರಿಗೂ ತೆಲುಗು ಕೇಳಿಸುತ್ತದೆ.

ನನ್ನ ಹೆಂಡತಿ ಮಂಜುಳಾ ಕೋಲಾರದಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ಆಸ್ಪತ್ರೆಯ ಶಿಸ್ತನ್ನು ಜೊತೆಯಲ್ಲೇ ತರುತ್ತಾಳೆ. ಹೋದ ತಿಂಗಳು ನನ್ನ ತುಟಿಯ ಮೇಲೆ ಒಂದು ಗುಳ್ಳೆ ಎದ್ದಿತ್ತು. ಸಾಸಿವೆ ಕಾಳಿನಷ್ಟು. ಅಷ್ಟಕ್ಕೇ ಕೈ ಅಡ್ಡ ಹಿಡಿದಳು. "ಅದು ಅಂಟೋ ಗುಳ್ಳೆ ರೀ. ಬಾಯಿಂದ ಕೆಳಕ್ಕೂ ಅಂಟುತ್ತೆ. ಪೂರಾ ಒಣಗೋವರ್ಗೂ ಮುತ್ತೂ ಇಲ್ಲ, ಮಿಕ್ಕಿದ್ದೂ ಇಲ್ಲ."

"ಇಬ್ರೂ ರಕ್ತ ಪರೀಕ್ಷೆ ಮಾಡಿಸ್ಕೊಂಡಿದ್ದೀವಲ್ಲ ಕಣೇ, ಎಲ್ಲಾ ಸರಿ ಇದೆ ಅಂದ್ರಲ್ಲ."

"ರಕ್ತ ಸರಿ ಇದೆ. ತುಟಿ ಸರಿ ಇಲ್ಲ. ಆ ಕಡೆ ತಿರುಗಿ ಮಲ್ಕೊಳ್ಳಿ."

ಗುಳ್ಳೆ ಒಣಗಿತು. ಸಿಪ್ಪೆಯೂ ಉದುರಿತು. ಒಂದು ಭಾನುವಾರ ಅಮ್ಮ ಗೌನಿಪಲ್ಲಿಗೆ ನಾಮಕರಣಕ್ಕೆಂದು ಹೊರಟರು, ಸಂಜೆಯವರೆಗೆ ಬರುವುದಿಲ್ಲ. ಬಸ್ಸು ತಿರುವು ದಾಟುವ ಮೊದಲೇ ನಾನು ಬಚ್ಚಲಿನಲ್ಲಿದ್ದೆ. ಎತ್ತನ್ನು ಸಂತೆಗೆ ಹೊಡೆಯುವ ಮುಂಚೆ ಉಜ್ಜುತ್ತೇವಲ್ಲ, ಹಾಗೆ ಹಲ್ಲು ಉಜ್ಜಿದೆ. ಬ್ರಷ್ಷಿನ ಕೂದಲು ಮಲಗಿಬಿಟ್ಟವು. ಘಮಘಮ ಎನ್ನುತ್ತ ಬಂದು ನಿಂತರೆ ಇವಳು ಮೊಬೈಲ್ ಟಾರ್ಚು ಹಾಕಿ, "ಆ ಅನ್ನಿ" ಎಂದಳು. ಗಲ್ಲ ಹಿಡಿದು, ಮುಖ ಎತ್ತಿ, ತುಟಿ ಬಿಡಿಸಿ ನೋಡಿದಳು. ನಾನು ಎಷ್ಟು ಹೋರಿಗಳ ಹಲ್ಲು ಹೀಗೆ ನೋಡಿದ್ದೇನೋ ಲೆಕ್ಕವಿಲ್ಲ. ಅವುಗಳಿಗೆ ಹೇಗನಿಸುತ್ತದೆ ಎಂದು ಅಂದು ತಿಳಿಯಿತು.

"ವಸಡಲ್ಲಿ ರಕ್ತ ಬರ್ತಾ ಇದೆ. ಯಾರ್ ಹೇಳಿದ್ರು ಹಿಂಗ್ ಉಜ್ಜಕ್ಕೆ?"

"ಶುಭ್ರವಾಗಿರ್ಲಿ ಅಂತ."

"ಗಾಯ ಆದ್ರೆ ಸೋಂಕಿಗೆ ದಾರಿ ಮಾಡಿಕೊಟ್ಟಂಗೆ. ಇಂಥದ್ಕೆ ಮುಂಚೆ ನೀರಲ್ಲಿ ಬಾಯಿ ಮುಕ್ಕಳಿಸಿದ್ರೆ ಸಾಕು. ಇವತ್ತು ಬೇಡ ಹೋಗಿ."

ಕಾದೆ. ಇನ್ನೊಂದು ಭಾನುವಾರ ಬಂತು, ಅಮ್ಮ ಗೃಹಪ್ರವೇಶಕ್ಕೆ ಹೋದರು. ಈ ಸಲ ಹಲ್ಲು ಪಾಸಾಯಿತು. ಮಂಜುಳಾ ತಾನೇ ಒಂದು ಉಪಾಯ ಹೇಳಿದಳು. "ನಿಮ್ ಸಂತೇಲಿ ಟವೆಲ್ ಕೆಳಗೆ ಬೆರಳು ಹಿಡ್ಕೊಂಡು ಬಾಯಿ ಬಿಡ್ದೆ ವ್ಯಾಪಾರ ಮಾಡ್ತೀರಲ್ಲ, ಹಂಗೇ ಮಾಡಣ. ಒಂದು ಬೆರಳು ಒತ್ತಿದ್ರೆ ಚೆನ್ನಾಗಿದೆ ಅಂತ. ಪೂರಾ ಕೈ ಹಿಡಿದ್ರೆ ನಿಧಾನ. ಕೈ ಬಿಟ್ಟೆ ಅಂದ್ರೆ ನಿಲ್ಲಿಸ್ಬೇಕು. ತಿಳೀತಾ?" ನನಗಾ? ಬೆರಳಿನ ಭಾಷೆಯಲ್ಲಿ ನನಗಾ ಪಾಠ? ನಕ್ಕುಬಿಟ್ಟೆ.

ಆದರೆ ಸಂತೆಯ ಅಭ್ಯಾಸ ಕೆಟ್ಟದ್ದು. ಅಲ್ಲಿ ಎದುರಿನವನು ಬೆರಳು ಒತ್ತಿ ಒಪ್ಪಿದೆ ಅಂದರೆ ನಾವು ತಿಳಿಯದವರ ಹಾಗೆ ಮುಖ ತಿರುಗಿಸಬೇಕು, ಮೋಡ ನೋಡಬೇಕು, ಪಕ್ಕದ ಎತ್ತಿನ ಕಡೆ ನಡೆಯಬೇಕು. ಅವಳು ಬೆರಳು ಒತ್ತಿದಳು. ನಾನು ಆ ಕ್ಷಣವೇ ಇದ್ದ ಜಾಗ ಬಿಟ್ಟು ಬೇರೆ ಕಡೆ ಹೋದೆ. ಮತ್ತೆ ಒತ್ತಿದಳು. ಮತ್ತೆ ಹೋದೆ. ಮೂರನೆಯ ಸಲಕ್ಕೆ ಕೈ ಬಿಟ್ಟು ಎದ್ದು ಕೂತಳು.

"ಚೆನ್ನಾಗಿದೆ ಅಂದ ತಕ್ಷಣ ಯಾಕ್ರೀ ಬಿಟ್ ಹೋಗ್ತೀರಾ? ಚೆನ್ನಾಗಿದೆ ಅಂದ್ರೆ ಅಲ್ಲೇ, ಹಂಗೇ ಅಂತ. ನಾಲ್ಕು ವರ್ಷದಿಂದ ಇದೇ ಆಯ್ತು. ನಾನು ಒಂದ್ ಹೇಳಕ್ಕೆ ಹೋದ್ರೆ ನೀವು ಆಗ್ಲೇ ಮುಂದಿನೂರಲ್ಲಿ ಇರ್ತೀರಾ. ಇನ್ಮೇಲೆ ನೀವು ಬಾಯ್ಬಿಟ್ಟು ಕೇಳಿ, ನಾನು ಹೇಳಿದ್ದು ಕೇಳಿಸ್ಕೊಳ್ಳೋವರ್ಗೂ ಈ ಅಂಗಡಿ ಬಂದ್."

ಅವಳ ಕಣ್ಣಿನಲ್ಲಿ ನೀರಿತ್ತು. ಸಿಟ್ಟಿನದ್ದು ಎಂದಳು. ಅದು ಸಿಟ್ಟಿನದ್ದಲ್ಲ ಎಂದು ತಿಳಿಯಲು ಎತ್ತಿನ ಕಿವಿ ನೋಡಬೇಕಾಗಿರಲಿಲ್ಲ. ಅವಳು ನೈಟಿ ಸರಿಮಾಡಿಕೊಂಡು, ನನ್ನ ಕೈಗೆ ಲುಂಗಿ ಕೊಟ್ಟು, ಮಂಚದ ಮೇಲೆ ಎದುರುಬದುರು ಕೂರಿಸಿದಳು. ಎರಡು ಕೈಗಳ ಮೇಲೆ ಟವೆಲ್ ಹಾಕಿ ಬರೀ ಅಭ್ಯಾಸ. ಒತ್ತಿದರೆ ನಿಲ್ಲು, ಹಿಡಿದರೆ ನಿಧಾನ, ಬಿಟ್ಟರೆ ಬಿಡು. ಹಗ್ಗ ಹಿಡಿದು ಎಳೆಗರುವಿಗೆ ನಡೆಯುವುದನ್ನು ಕಲಿಸುವ ಹಾಗೆ ಕಲಿಸಿದಳು. ಕೊನೆಗೆ ನನ್ನ ಬಾಯಲ್ಲೂ ಮಾತು ಬಂತು. ಬೆವರುತ್ತ, ಗೋಡೆ ನೋಡುತ್ತ, "ನಿಂಗೆ ಏನ್ ಇಷ್ಟ ಹೇಳು" ಎಂದೆ.

"ಗೋಡೇನ ಕೇಳ್ತಾ ಇದ್ದೀರಾ?"

ಅವಳ ಕಡೆ ತಿರುಗಿ ಮತ್ತೆ ಕೇಳಿದೆ. ಮಂಜುಳಾ ಟವೆಲಿನ ಅಂಚು ಎಳೆದು ಸರಿಮಾಡಿದಳು. ಮುಖ ಕೆಂಪಾಯಿತು. "ನಂಗೆ ಇಷ್ಟ ಏನಂದ್ರೆ, ನೀವು ಮೊದ್ಲು..." ಎಂದು ಶುರು ಮಾಡಿದಳು.

ಬಾಗಿಲು ತೆರೆಯಿತು. ಚಿಲಕ ಕೂರುವುದಿಲ್ಲ ಎಂದೆನಲ್ಲ. ಅಮ್ಮ. ಕೈಯಲ್ಲಿ ತಾಂಬೂಲದ ಚೀಲ, ಊಟ ಮುಗಿದ ಕೂಡಲೇ ಯಾರದೋ ಕಾರು ಸಿಕ್ಕಿತಂತೆ. ಅವರ ಕಣ್ಣು ನಮ್ಮ ಮುಖಕ್ಕೆ ಹೋಗಲೇ ಇಲ್ಲ, ನೆಟ್ಟಗೆ ಟವೆಲಿಗೆ ಹೋಯಿತು.

"ಏಮ್‌ರಾ ಇದು? ಸೀಮೆಹಸು ಮಾರಕ್ಕೆ ಕೂತ್ಕೊಂಡಿದ್ದೀರಾ ಇಬ್ರೂ?"

"ಇಲ್ಲ ಅತ್ತೆ. ಇವ್ರಿಗೆ ಬೆರಳು ಹಿಡಿಯೋದು ಸರಿಯಾಗಿ ಬರ್ತಿಲ್ಲ, ಅಭ್ಯಾಸ ಮಾಡಿಸ್ತಿದ್ದೆ," ಎಂದಳು ನರ್ಸು, ಇಂಜೆಕ್ಷನ್ ಕೊಡುವಾಗಿನ ಮುಖದಲ್ಲಿ.

ಅಮ್ಮ ಚೀಲ ಕೆಳಗಿಟ್ಟು ನಮ್ಮಿಬ್ಬರ ನಡುವೆ ಮಂಚದ ಮೇಲೆ ಕೂತರು. ಟವೆಲಿನ ಕೆಳಗೆ ಕೈ ತೂರಿಸಿ ನನ್ನ ಬೆರಳು ಹಿಡಿದರು. "ಕೈ ಯಾಕೋ ಇಷ್ಟು ಬೆವರ್ತಿದೆ? ಸಂತೇಲಿ ನಮ್ಮಪ್ಪ ಹೇಳ್ಕೊಟ್ಟಿದ್ದು ಕೇಳು. ನಿನ್ನ ಅವಸರ ಬಿಡು. ಎದುರಿಗಿರೋರು ಏನ್ ಹೇಳ್ತಿದ್ದಾರೆ, ಅದ್ರ ಮೇಲೆ ಗ್ಯಾನ ಇರ್ಲಿ."

"ಇನ್ನೊಂದ್ಸಲ ಹೇಳಿ ಅತ್ತೆ," ಎಂದಳು ಮಂಜುಳಾ. "ಅವ್ರಿಗೆ ಕೇಳಿಸ್ಲಿಲ್ಲ."

ಅಮ್ಮ ಕತ್ತಲಾಗುವವರೆಗೂ ಹೇಳಿದರು. ಮಂಜುಳಾ ಶುರು ಮಾಡಿದ ಮಾತು ಅಷ್ಟಕ್ಕೇ ನಿಂತಿದೆ. ನೀವು ಮೊದಲು, ಏನು? ಬಟ್ಟೆ ಒಣಹಾಕುವಾಗ ಕೇಳಿದೆ, ಬಸ್ಸಿಗೆ ಬಿಡುವಾಗ ಕೇಳಿದೆ. ಮನೆ ಖಾಲಿಯಾದಾಗ ಹೇಳುತ್ತೇನೆ ಎನ್ನುತ್ತಾಳೆ. ಮೂರು ತಾಲ್ಲೂಕಿನ ಎತ್ತುಗಳ ಮನಸ್ಸು ಬಲ್ಲ ನಾನು ಈಗ ಸಂತೆ ಬಿಟ್ಟು, ನೆಂಟರ ಮನೆಗಳಿಗೆ ಫೋನು ಮಾಡಿ, ಯಾರದಾದರೂ ನಾಮಕರಣ ಇದೆಯಾ ಎಂದು ವಿಚಾರಿಸುತ್ತಿದ್ದೇನೆ.