ಲೋಟ ಮುಚ್ಚಿದ ಫೆರ್ಡಿ

ಎಲ್ಲಕ್ಕೂ ಕಾರಣ ಒಂದು ಕಣಜದ ಹುಳ. ಆಗಸ್ಟ್ ತಿಂಗಳ ಒಂದು ಸಂಜೆ ಫೆರ್ಡಿ ಎಸ್ಸರ್ ನಮ್ಮ ನಿಪ್ಪೆಸ್ ಬಡಾವಣೆಯ ಬೀರುಮನೆಯ ಅಂಗಳದಲ್ಲಿ ಕೂತು ತನ್ನ ಪಾಡಿಗೆ ಕ್ಲಾಪರ್ ಬೀರು ಕುಡಿಯುತ್ತಿದ್ದ. ಆ ಹುಳ ಲೋಟದೊಳಗೆ ಇಣುಕತೊಡಗಿತು. ಫೆರ್ಡಿ ಲೋಟದಡಿ ಇಟ್ಟಿದ್ದ ರಟ್ಟಿನ ಬಿಲ್ಲೆಯನ್ನು ಅದರ ಬಾಯಿಗೆ ಮುಚ್ಚಿದ. ಹುಳ ಹಾರಿಹೋಯಿತು. ಗೆದ್ದೆನೆಂದು ಅವನು ನಕ್ಕ ಗಳಿಗೆಗೆ ಸರಿಯಾಗಿ ಯಾರೋ ಫೋಟೋ ತೆಗೆದರು.

"ಏನ್ ನಗು ಸಾರ್ ನಿಮ್ದು! ಇಲ್ಲೊಂದು ಸಹಿ ಹಾಕಿಬಿಡಿ" ಎಂದ ಫೋಟೋದವನು. ಹೊಗಳಿದರೆ ಫೆರ್ಡಿ ಮನೆಯ ಬೀಗದ ಕೈಯನ್ನೂ ಕೊಡುವ ಆಸಾಮಿ. ಕಾಗದ ಓದದೆ ಸಹಿ ಹಾಕಿದ.

ನಮ್ಮ ಕಲೋನ್ ನಗರದಲ್ಲಿ ಲೋಟದ ಮೇಲೆ ಬಿಲ್ಲೆ ಇಟ್ಟರೆ 'ಸಾಕು' ಎಂದರ್ಥ. ಅಲ್ಲಿಯವರೆಗೆ ಮಾಣಿ ಯಾರನ್ನೂ ಕೇಳುವುದಿಲ್ಲ. ಖಾಲಿ ಲೋಟ ಎತ್ತಿಕೊಂಡು ತುಂಬಿದ ಲೋಟ ಇಡುತ್ತಲೇ ಇರುತ್ತಾನೆ. ಮೊದಲೇ ನಮ್ಮ ಲೋಟಗಳು ಬೆರಳುದ್ದ. ಅದನ್ನೂ ಬೇಗ ಮುಚ್ಚುವವನನ್ನು ನಮ್ಮವರು ಕಾಯಿಲೆಯವನೆಂದಾದರೂ ತಿಳಿಯುತ್ತಾರೆ, ಇಲ್ಲವೇ ಪರಊರಿನವನೆಂದು.

ಅಕ್ಟೋಬರ್ ತಿಂಗಳ ಮೊದಲ ಗುರುವಾರ ಫೆರ್ಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನ ಜಾವ ಮನೆಯಿಂದ ಹೊರಟ. ಬೀರುಮನೆಯಲ್ಲಿ ಗುರುವಾರದ ಮೇಜು ಎಂಬುದೊಂದಿದೆ. ಏಳು ಜನ, ಏಳು ಜಾಗ. ಅದರ ಅಧ್ಯಕ್ಷನಾಗಿದ್ದ ಮುದುಕ ಬೇಸಿಗೆಯಲ್ಲಿ ಮಗಳ ಊರಿಗೆ ಹೋಗಿಬಿಟ್ಟಿದ್ದ. ಒಲೆಯ ಪಕ್ಕದ, ಕೈಯಿರುವ ಅವನ ಕುರ್ಚಿ ಖಾಲಿಯಾಗಿತ್ತು. ಇಪ್ಪತ್ತೆರಡು ವರ್ಷ ಪಾಯಿಖಾನೆ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು, ಹೋಗಿಬರುವವರ ಮೊಣಕೈ ತಿವಿಸಿಕೊಂಡ ಫೆರ್ಡಿಯ ಸರದಿ ಈಗ ಬಂದಿತ್ತು. ಸಂಜೆ ಐದಕ್ಕೆ ಪಟ್ಟಾಭಿಷೇಕ.

ಬೇಕರಿಯಲ್ಲಿ ಒಡತಿ ಫ್ರೌ ಪ್ಯುಟ್ಸ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಬನ್ ಕೊಡ್ಲಿ ಎಸ್ಸರ್ ಅವ್ರೇ? ನಿಮ್ಗೆ ಒಂದೇ ಸಾಕೇನೋ ಅಲ್ವಾ?"

"ಎರಡು ಕೊಡಿ. ಯಾಕೆ?"

"ಏನಿಲ್ಲಪ್ಪ. ದೊಡ್ಡವ್ರಾಗಿದ್ದೀರಿ, ನಮ್ಮಂಥೋರು ಏನ್ ಹೇಳೋದು."

ಕುರ್ಚಿಯ ಸುದ್ದಿ ಆಗಲೇ ಹಬ್ಬಿದೆಯೆಂದು ಫೆರ್ಡಿ ಉಬ್ಬಿಹೋದ. ಅವನು ಓಡಿಸುವುದು ಹನ್ನೆರಡನೇ ನಂಬರಿನ ಟ್ರಾಮು. ಡಿಪೋದಲ್ಲಿ ಇನ್ನೂ ಮಬ್ಬು, ಹತ್ತಿ ಹೊರಟೇಬಿಟ್ಟ. ಬೆಳಕು ಹರಿದು ಎಬರ್ಟ್ ಚೌಕಕ್ಕೆ ಬಂದಾಗ, ನಿಂತಿದ್ದ ಜನ ಟ್ರಾಮನ್ನೂ ಅವನನ್ನೂ ನೋಡಿ, ಕೈಲಿದ್ದ ಕಾಫಿ ಲೋಟಗಳನ್ನು ಅಂಗೈಯಿಂದ ಮುಚ್ಚಿ ಎತ್ತಿ ತೋರಿಸಿದರು. ಇದ್ಯಾವುದೋ ಹೊಸ ಬಗೆಯ ನಮಸ್ಕಾರವೆಂದುಕೊಂಡು ಫೆರ್ಡಿ ಗಂಟೆ ಬಾರಿಸಿ ಕೈ ಬೀಸಿದ. ಮುಂದಿನ ನಿಲ್ದಾಣದಲ್ಲೂ ಹಾಗೇ. ರೂಡಾಲ್ಫ್ ಚೌಕದಲ್ಲಿ ಒಬ್ಬಳು ಅಜ್ಜಿ ಛತ್ರಿಯಿಂದ ಟ್ರಾಮಿನ ಪಕ್ಕೆಗೆ ಎರಡೇಟು ಬಿಗಿದಳು. ಅವನು ಅವಳಿಗೂ ಕೈ ಬೀಸಿದ.

ಕೊನೆಯ ನಿಲ್ದಾಣದಲ್ಲಿ ಇಳಿದವನು ಟ್ರಾಮಿನ ಕಡೆ ತಿರುಗಿ ನೋಡಿದ. ಟ್ರಾಮಿನ ಉದ್ದಕ್ಕೂ ಅಂಟಿಸಿದ ಜಾಹೀರಾತಿನಲ್ಲಿ ಅವನೇ ಇದ್ದ. ಒಂದೊಂದು ಹಲ್ಲೂ ಕಿಟಕಿಯಷ್ಟಗಲ. ಕೈ ಕೆಳಗೆ ಬಿಲ್ಲೆ ಮುಚ್ಚಿದ ಲೋಟ. ಪಕ್ಕದಲ್ಲಿ ಬರೆದಿತ್ತು: "ಸಾಕು ಅನ್ನುವವನೇ ಜಾಣ. ಕ್ಲಾಪರ್ ಬೀರು."

"ಬೆಳಗ್ಗೆಯಿಂದ ರೇಡಿಯೋದಲ್ಲಿ ನಿಂದೇ ಸುದ್ದಿ ಕಣೋ" ಎಂದಳು ಇನ್ನೊಂದು ಟ್ರಾಮಿನ ಚಾಲಕಿ ಉಲ್ಲಾ. "ಬೀರ್ ಮಾಡೋನೇ ಬೀರ್ ಕುಡೀಬೇಡಿ ಅಂದ್ರೆ ಹೆಂಗೆ? ಜನ ಕ್ಲಾಪರ್ ಬಾಟ್ಲಿ ತಗೊಂಡ್ಹೋಗಿ ಸೇತುವೆ ಮೇಲಿಂದ ಸುರೀತಿದಾರಂತೆ."

"ಹುಳ ಬಂದಿತ್ತು ಉಲ್ಲಾ! ಕಣಜದ ಹುಳ!"

"ಹುಳ ಎಲ್ಲಿದೆ ತೋರ್ಸು ಚಿತ್ರದಲ್ಲಿ?"

ಹುಳ ಇರಲಿಲ್ಲ. ಇನ್ನೂ ನಾಲ್ಕು ಸುತ್ತು ಅದೇ ಟ್ರಾಮು ಓಡಿಸಬೇಕಿತ್ತು. ಫೆರ್ಡಿ ಟೋಪಿಯನ್ನು ಹುಬ್ಬಿನವರೆಗೆ ಎಳೆದು ಕಪ್ಪು ಕನ್ನಡಕ ಹಾಕಿಕೊಂಡ. ಹತ್ತಿದ ಮೊದಲ ಪ್ರಯಾಣಿಕನೇ, "ಡ್ರೈವರ್‌ಗಿರೋ ನಾಚಿಕೆ ಟ್ರಾಮ್‌ಗಿಲ್ವಲ್ಲಪ್ಪ" ಎಂದ. ಇನ್ನೊಬ್ಬ, "ಡ್ಯುಸೆಲ್‌ಡಾರ್ಫ್‌ನೋನೂ ಹಿಂಗ್ ಮಾಡಲ್ಲ ಬಿಡಿ" ಎಂದ. ಅದು ನಮ್ಮ ಬದ್ಧವೈರಿ ಊರು, ನಮ್ಮಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಫೆರ್ಡಿಯ ಕಣ್ಣಲ್ಲಿ ನೀರೇ ಬಂತು. ಬೈಗುಳಕ್ಕಲ್ಲ, ಕುರ್ಚಿ ನೆನೆದು.

ಐದಕ್ಕೆ ಬೀರುಮನೆಗೆ ಕಾಲಿಟ್ಟಾಗ ಮೇಜಿನವರೆಲ್ಲ ಅವನ ಕಡೆ ತಿರುಗಿದರು. ಮೇಜಿನ ಹಿರಿಯ ಡ್ರಿಕೆಸ್ ಗಂಟಲು ಸರಿಪಡಿಸಿಕೊಂಡ. ಇವನು ಮೂಸಿ ನೋಡಿಯೇ ಬೀರಿನ ಹೆಸರು ಹೇಳುವ ಪಂಡಿತ. ಹಾಗೆಂದು ಅವನೇ ಹೇಳಿಕೊಂಡಿದ್ದಾನೆ.

"ಕೂತ್ಕೊ ಫೆರ್ಡಿ. ನಾವೆಲ್ಲ ಮಾತಾಡಿದ್ವಿ. ನೀನು ದಡ್ಡ, ದ್ರೋಹಿ ಅಲ್ಲ. ಕ್ಷಮಿಸಿದ್ದೀವಿ."

"ಹುಳ ಬಂದಿತ್ತು ಕಣೋ ಡ್ರಿಕೆಸ್..."

"ಬಂದಿತ್ತು, ಬಂದಿತ್ತು. ಕುರ್ಚಿ ನಿಂದೇ. ಆದ್ರೆ ಆ ಕ್ಲಾಪರ್‌ನ ಮಾತ್ರ ಕ್ಷಮಿಸಲ್ಲ. ಮೂವತ್ತು ವರ್ಷ ಕುಡಿದೋರಿಗೆ ಬುದ್ಧಿ ಹೇಳ್ತಾರಾ? ಇವತ್ತಿಂದ ಈ ಮೇಜಿಗೆ ರೋಸೆನ್‌ಟಾಲ್ ಬೀರೇ. ಲೇ ಶೆಂಗ್, ತಗೊಂಬಾರೋ!"

ಮಾಣಿ ಶೆಂಗ್ ಗೊಣಗುತ್ತಾ ಹೋಗಿ ಆರು ಲೋಟ ತಂದಿಟ್ಟ. ಡ್ರಿಕೆಸ್ ಕಣ್ಣು ಮುಚ್ಚಿ ಒಂದು ಗುಟುಕು ಹೀರಿದ. "ಆಹಾ! ಬೀರ್ ಅಂದ್ರೆ ಇದು. ಇಷ್ಟು ವರ್ಷ ಪಾತ್ರೆ ತೊಳೆದ ನೀರು ಕುಡಿದ್ವಲ್ರೋ." ಉಳಿದವರೂ ಹೌದೆಂದು ನಾಲಗೆ ಚಪ್ಪರಿಸಿದರು.

ಸಂತೋಷಕ್ಕೆ ಫೆರ್ಡಿಗೆ ಒಂದಕ್ಕೆ ಅವಸರವಾಯಿತು. ಸ್ಟೂಲಿನಿಂದ ಪಾಯಿಖಾನೆಗೆ ಎರಡೇ ಹೆಜ್ಜೆ. ವಾಪಸು ಬರುವಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಶೆಂಗ್ ಪೀಪಾಯಿಯಿಂದ ಬೀರು ತುಂಬುತ್ತಿದ್ದ. ಪೀಪಾಯಿ ಒಂದೇ. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಕ್ಲಾಪರ್' ಎಂದಿತ್ತು.

"ಶೆಂಗ್! ಏನೋ ಇದು?"

"ಮೆಲ್ಲಗೆ ಮಾತಾಡೋ ಜಾಣ. ಈ ಮನೇಲಿ ಬೇರೆ ಬೀರ್ ಮಾರೋ ಹಾಗಿಲ್ಲ, ಕ್ಲಾಪರ್‌ನೋರ ಹತ್ರ ಕರಾರಾಗಿದೆ. ಬಾಯಿ ಮುಚ್ಕೊಂಡು ಹೋಗಿ ಕುರ್ಚೀಲಿ ಕೂತ್ಕೊ."

ಹಾಗೇ ಕೂರಬಹುದಿತ್ತು. ಕೂತೂ ಕೂತ. ಒಲೆಯ ಶಾಖ ಬೆನ್ನಿಗೆ ಹಿತವಾಗಿ ತಾಗಿತು, ಕೈಗಳಿಗೆ ಮೊದಲ ಬಾರಿ ಆಸರೆ ಸಿಕ್ಕಿತು. ಆಗ ಡ್ರಿಕೆಸ್ ಎದ್ದುನಿಂತ. "ಈಗ ಅಧ್ಯಕ್ಷರು ಲೋಟ ಎತ್ತಿ, ಸತ್ತ ಅಪ್ಪನ ಮೇಲೆ ಆಣೆ ಇಟ್ಟು ಹೇಳ್ಬೇಕು: ಇವತ್ತಿಂದ ಒಂದು ಹನಿ ಕ್ಲಾಪರ್ ನನ್ನ ತುಟಿಗೆ ತಾಕಲ್ಲ ಅಂತ. ಹೇಳಿ ಒಂದೇ ಗುಟುಕಿಗೆ ಮುಗಿಸ್ಬೇಕು."

ಫೆರ್ಡಿ ಲೋಟ ಎತ್ತಿದ. ಅವನ ಅಪ್ಪ ಕ್ಲಾಪರ್ ಬಿಟ್ಟು ಇನ್ನೊಂದು ಕುಡಿದವನಲ್ಲ. ಬಡಪಾಯಿ ಫೆರ್ಡಿ ದಡ್ಡನಿರಬಹುದು, ಅಪ್ಪನ ಹೆಸರಿನಲ್ಲಿ ಸುಳ್ಳು ಹೇಳುವವನಲ್ಲ. ಲೋಟವನ್ನು ವಾಪಸು ಮೇಜಿನ ಮೇಲಿಟ್ಟ.

"ಆಗಲ್ಲ ಕಣ್ರೋ" ಎಂದ. "ಇದೇ ಕ್ಲಾಪರ್. ನೀವೆಲ್ಲ ಆಹಾ ಅಂದಿದ್ದೂ ಕ್ಲಾಪರ್‌ಗೇ."

ಎಲ್ಲರೂ ಶೆಂಗ್‌ನ ಮುಖ ನೋಡಿದರು. ಶೆಂಗ್ ಕಣ್ಣು ಮಿಟುಕಿಸದೆ, "ರೋಸೆನ್‌ಟಾಲೇ" ಎಂದ.

ಡ್ರಿಕೆಸ್ ತನ್ನ ಜಾಗದಲ್ಲಿ ಕುಸಿದು ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ನೋವಿತ್ತು. "ಫೆರ್ಡಿ, ಫೆರ್ಡಿ. ಚಿತ್ರ ಬಂತು, ಕ್ಷಮಿಸಿದ್ವಿ. ಆದ್ರೆ ಇಪ್ಪತ್ತೆರಡು ವರ್ಷ ಕುಡಿದೂ ಕ್ಲಾಪರ್ ಯಾವ್ದು, ರೋಸೆನ್‌ಟಾಲ್ ಯಾವ್ದು ಗೊತ್ತಾಗ್ಲಿಲ್ವಲ್ಲೋ ನಿಂಗೆ? ನಾಲಗೆನೇ ಇಲ್ದೋನ್ನ ಅಧ್ಯಕ್ಷ ಮಾಡೋದು ಹೆಂಗೆ?"

"ಒಂದು ಅವಕಾಶ ಕೊಡೋಣ" ಎಂದಿತು ಮೇಜಿನ ಮೃದು ಹೃದಯದ ಒಂದು ದನಿ. "ಶೆಂಗ್, ಒಂದು ಕ್ಲಾಪರ್, ಒಂದು ರೋಸೆನ್‌ಟಾಲ್ ತಾ. ಯಾವ್ದು ಯಾವ್ದು ಅಂತ ಹೇಳ್ಲಿ. ಹೇಳಿದ್ರೆ ಕುರ್ಚಿ."

ಶೆಂಗ್ ಎರಡು ಲೋಟ ತಂದ. ಎರಡೂ ಅದೇ ಪೀಪಾಯಿಯದೆಂದು ಇಡೀ ಕೋಣೆಯಲ್ಲಿ ಗೊತ್ತಿದ್ದುದು ಅವನಿಗೆ ಮತ್ತು ಫೆರ್ಡಿಗೆ ಮಾತ್ರ. ಎರಡೂ ಒಂದೇ ಎಂದು ಹೇಳಲೆಂದೇ ಫೆರ್ಡಿ ಎಡಗಡೆಯದನ್ನು ಹೀರಿದ. ಬಲಗಡೆಯದನ್ನು ಹೀರಿದ. ಮೇಜಿನ ಐದು ಜೊತೆ ಕಣ್ಣುಗಳು ಅವನ ಗಂಟಲನ್ನೇ ನೋಡುತ್ತಿದ್ದವು. ಮತ್ತೆ ಎಡಗಡೆಯದು. ಏನಾಶ್ಚರ್ಯ, ಒಂದು ಚೂರು ಹೆಚ್ಚು ಕಹಿಯಿತ್ತು! ಅಪ್ಪನ ಬೀರು, ಅದೇ ಕಹಿ. ಇಷ್ಟು ಸ್ಪಷ್ಟವಾಗಿರುವುದು ಇಷ್ಟು ವರ್ಷ ಹೇಗೆ ತಪ್ಪಿಹೋಯಿತು ಎಂದು ಅವನಿಗೇ ನಾಚಿಕೆಯಾಯಿತು. ಪೀಪಾಯಿ ಮರೆತೇಹೋಯಿತು.

"ಇದು!" ಎಂದು ಎಡಗಡೆಯ ಲೋಟವನ್ನು ಎತ್ತಿ ಹಿಡಿದ. "ದೇವರಾಣೆಗೂ ಇದೇ ಕ್ಲಾಪರ್!"

ಡ್ರಿಕೆಸ್ ಆ ಲೋಟ ಇಸಿದುಕೊಂಡು ಮೂಸಿದ. ದುಃಖದಿಂದ ತಲೆಯಾಡಿಸಿದ. "ರೋಸೆನ್‌ಟಾಲ್."

ಫೆರ್ಡಿ ಎದ್ದು ತನ್ನ ಹಳೆಯ ಸ್ಟೂಲಿಗೆ ಹೋದ. ಶೆಂಗ್ ಅಧ್ಯಕ್ಷರ ಕುರ್ಚಿಯನ್ನು ಡ್ರಿಕೆಸ್‌ನ ಕಡೆಗೆ ಸರಿಸಿದ.