ಮೀನಿಗೆ ಮನೆ ಕಟ್ಟಿದ ನಮ್ಮ ಮಾವನವರು

ನಮ್ಮ ಮಾವನವರು ಜೀವಮಾನದಲ್ಲಿ ಒಂದು ಮೀನನ್ನೂ ತಿಂದವರಲ್ಲ. ಆದರೆ ಊರಿನ ಮೀನುಗಳಿಗೆಲ್ಲ ಮನೆ ಕಟ್ಟಿಸಿಕೊಟ್ಟವರು! ಅವರ ಹೆಸರು ಮಾತ್ರ ಕೇಳಬೇಡಿ. ನಾನು ಸೊಸೆ, ಮಾವನ ಹೆಸರು ಬಾಯಲ್ಲಿ ಬರಕೂಡದು ಎಂದು ತವರಿನವರು ಹೇಳಿ ಕಳಿಸಿದ್ದಾರೆ. ಹೆಸರಿಲ್ಲದಿದ್ದರೇನಂತೆ, ಆಗ ಪುರವರದ ಸುತ್ತಿನ ಯಾವ ಹಳ್ಳಿಯಲ್ಲಿ "ಮೀನಿನ ಮನೆಯವರು" ಎಂದರೂ ಜನ ನಗುತ್ತಾ ನಮ್ಮ ಬಾಗಿಲು ತೋರಿಸುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಮೀನು ಎಂದರೆ ಮೂಗು ಮುಚ್ಚಿಕೊಳ್ಳುವ ಹೆಂಡತಿ. ಇಂಥವರಿಗೆ ಈ ಉಸಾಬರಿ ಯಾಕೆ ಬಂತು ಅಂತೀರಾ?

ತಪ್ಪು ಅವರದೇ. ನಾನು ಸೊಸೆಯಾಗಿ ಬಂದ ವರ್ಷ ಬೇಸಿಗೆಯಲ್ಲಿ ಅವರು ಊರವರನ್ನೆಲ್ಲ ಕಟ್ಟಿಕೊಂಡು ಕೆರೆಯ ಹೂಳೆತ್ತಿಸಿದರು. ಹೂಳಿನ ಜೊತೆಗೆ ಜಾಲಿಯ ಬೊಡ್ಡೆ, ಬೇರು, ಕಲ್ಲು ಎಲ್ಲವನ್ನೂ ಎತ್ತಿಸಿ, ಕೆರೆಯನ್ನು ನಮ್ಮ ಅತ್ತೆಯ ಅಡುಗೆಮನೆಯಷ್ಟು ಚೊಕ್ಕ ಮಾಡಿದರು. ಮಳೆ ಬಂತು, ಕೆರೆ ತುಂಬಿತು, ಮೀನು ಮಾತ್ರ ಇಲ್ಲ! ಮರಿಗಳಿಗೆ ಅಡಗಲು ಒಂದು ಬೊಡ್ಡೆಯೂ ಉಳಿದಿರಲಿಲ್ಲವಲ್ಲ. ಕೊಕ್ಕರೆಗಳು ಪಂಕ್ತಿಯಲ್ಲಿ ಕೂತು ಉಂಡು ಎದ್ದವು.

ಎರಡು ವರ್ಷ ಬರಿ ಬಲೆ ಎಳೆದ ಬೆಸ್ತರ ತಿಮ್ಮಣ್ಣ ಒಂದು ದಿನ ನಮ್ಮ ಜಗಲಿಯ ಮುಂದೆ ಬಂದು ನಿಂತ.

"ಯಜಮಾನ್ರೆ, ಸಿರಾ ಕಡೆ ಮಗಳ ಊರ್ಗೆ ಹೊಂಟೋಯ್ತೀನಿ. ಅಲ್ಲಿ ಕೆರೇಲಿ ಮೀನು ಅವೆಯಂತೆ."

"ಇನ್ನೊಂದು ಮಳೆಗಾಲ ತಡಿ ತಿಮ್ಮ. ಮನೆ ಕೆಡವ್ದೋನು ನಾನು, ನಾನೇ ಕಟ್ಟಿ ಕೊಡ್ತೀನಿ."

"ಯಾರ ಮನೆ?"

"ಮೀನ್ಗಳ್ದು!"

ತಿಮ್ಮಣ್ಣ ನಮ್ಮ ಅತ್ತೆಯ ಮುಖ ನೋಡಿದ. ಅತ್ತೆ ಆಕಾಶ ನೋಡಿದರು.

ಮನೆ ಎಂದ ಮೇಲೆ ಮುಹೂರ್ತ ಬೇಡವೇ? ಮಾವನವರು ಮಧುಗಿರಿಗೆ ನಡೆದುಹೋಗಿ ಜೋಯಿಸರ ಮುಂದೆ ಕೂತರು. ಮೀನಿನ ಮನೆಯ ವಿಚಾರ ಎಂದದ್ದೇ ತಡ, ಜೋಯಿಸರು ಪಂಚಾಂಗ ಬಿಡಿಸಿ ತಲೆಯಾಡಿಸಿದರು. "ಈಗ ಬೇಡಿ. ಮೀನದ ಮನೇಲಿ ಶನಿ ಬಂದು ಕೂತಿದ್ದಾನೆ."

"ಇನ್ನೂ ಪಾಯನೇ ತೋಡಿಲ್ಲ, ಅಷ್ಟರಲ್ಲಿ ಬಂದು ಕೂತ್ಬುಟ್ನಾ!" ಎಂದು ಮಾವನವರು ಎದ್ದು ಬಂದರು.

ಬೇಸಿಗೆಯಲ್ಲಿ ಕೆರೆ ಬತ್ತಿ ನಡುವಿನ ಗುಂಡಿಯಲ್ಲಿ ಮಾತ್ರ ಮೊಣಕಾಲುದ್ದ ನೀರು ನಿಂತಾಗ ಕೆಲಸ ಶುರುವಾಯಿತು. ಜಾಲಿ ಮುಳ್ಳಿನ ಹೊರೆಗಳು ಗಾಡಿಗಟ್ಟಲೆ ಬಂದವು. ಕಲ್ಲು ಕಟ್ಟಿ ಅವನ್ನು ಗುಂಡಿಯ ಅಂಚಿನ ನೀರಿನಲ್ಲಿ ಸುತ್ತಲೂ ಮುಳುಗಿಸಿದರು. ಅತ್ತೆ ಹಿತ್ತಲಿನಿಂದ ಕೂಗಿದರು: "ನಮ್ ಹಿತ್ಲಿಗೆ ಬೇಲಿ ಇಲ್ದೆ ದನ ನುಗ್ಗಿ ಬದ್ನೆಗಿಡ ಮೇಯ್ತಾವೆ. ಮೀನ್ಗೆ ಬೇಲಿನಾ?"

ಮುಳ್ಳಾಯಿತು. ಮೊಟ್ಟೆ ಇಡುವ ಮೀನಿಗೆ ಒಳಮನೆಯೂ ಬೇಕಲ್ಲ! ಮಾವನವರು ಕುಂಬಾರರ ಕೇರಿಗೆ ಹೋದರು. ಈಗ ಒಂದು ವಿಷಯ ಹೇಳಿಬಿಡಬೇಕು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಸುಡುವವರು ಮಾತ್ರ ತೂತು ಮಾಡಿದ ಮಡಕೆಯಲ್ಲಿ ನೀರು ಸುರಿಸುತ್ತಾ ಚಿತೆ ಸುತ್ತುತ್ತಾರೆ, ಆ ಮಡಕೆಗೆ ಮೂರು ತೂತು. ಇದು ಕುಂಬಾರನಿಗೆ ಗೊತ್ತು, ಊರಿಗೆಲ್ಲ ಗೊತ್ತು. ನಮ್ಮ ಮಾವನವರ ತಲೆಯಲ್ಲಿ ಮಾತ್ರ ಆಗ ಮೀನು ಬಿಟ್ಟು ಬೇರೆ ಏನೂ ಇರಲಿಲ್ಲ.

"ನಲ್ವತ್ತು ಮಡ್ಕೆ ಬೇಕಪ್ಪ. ಒಂದೊಂದುಕ್ಕೂ ಮೂರ್ಮೂರು ತೂತಿರ್ಲಿ."

ಕುಂಬಾರ ತಿರುಗುತ್ತಿದ್ದ ಚಕ್ರ ಬಿಟ್ಟು ಎದ್ದು ನಿಂತ. "ನಲ್ವತ್ತಾ! ಅಷ್ಟು ಜನವಾ ಯಜಮಾನ್ರೆ?"

"ಏ, ಒಂದೊಂದ್ರಾಗೆ ನಾಕೈದು ಹಿಡುಸ್ತವೆ ಕಣಯ್ಯ. ಮಳೆಗಿಂತ ಮುಂಚೆ ಬೇಕು, ಬೇಗ ಮಾಡು."

ಅಷ್ಟೇ! ಮಧುಗಿರಿಗೆ ಪಿಲೇಗು ಬಂದಿದೆ, ಯಜಮಾನರಿಗೆ ಗೊತ್ತಾಗಿದೆ, ಬಾಯಿ ಬಿಡುತ್ತಿಲ್ಲ ಎಂದು ಸುದ್ದಿ ಹಬ್ಬಿತು. ಹಿಂದೆ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಜನ; ಹೇಳಿಕೊಡಬೇಕೇ? ಹೊತ್ತು ಇಳಿಯುವಷ್ಟರಲ್ಲಿ ಕೋಳಿ, ಕೂಸು, ಒನಕೆಯ ಸಮೇತ ಅರ್ಧ ಊರು ಹೊರಟುಹೋಯಿತು. ಕೆರೆಯಿಂದ ಕೆಸರು ಕಾಲಿನಲ್ಲಿ ಬಂದ ಮಾವನವರು ಬಿಕೋ ಎನ್ನುವ ಬೀದಿ ನೋಡಿ, "ಇದೇನಮ್ಮ, ಎಲ್ಲಾ ಎಲ್ಲೋದ್ರು? ಯಾರ್ದಾನ ಮದುವೇನಾ? ನಮ್ಗೆ ಹೇಳ್ಲೇ ಇಲ್ವಲ್ಲ!" ಎಂದು ಬೇಜಾರು ಮಾಡಿಕೊಂಡರು.

ಅಂತೂ ಮಡಕೆ ಹೆಣಕ್ಕಲ್ಲ, ಮೀನಿಗೆ ಎಂದು ತಿಳಿದು ಜನ ವಾಪಸು ಬಂದರು, ಬೈದರು. ಮಡಕೆಗಳು ನೀರಿಗೆ ಇಳಿದವು. ಮೈಸೂರಿನ ಮಹಾರಾಜರಿಗಾದರೂ ಇದ್ದ ಅರಮನೆಗಳನ್ನು ಎಣಿಸಬಹುದಿತ್ತು. ನಮ್ಮ ಕೆರೆಯ ಗೆಂಡೆ ಮೀನಿಗೆ ನಲವತ್ತು! ಮಳೆಗಾಲ ಚೆನ್ನಾಗಿ ಆಯಿತು. ಚಳಿಗಾಲದ ಒಂದು ಬೆಳಿಗ್ಗೆ ತಿಮ್ಮಣ್ಣ ಬಲೆ ಬೀಸಿದ. ಬಲೆ ಭಾರವಾಯಿತು. ಮಾವನವರು ಏರಿಯ ಮೇಲೆ ಕುಣಿದರು. ಎಳೆದರೆ ಬಂದದ್ದು ಅರ್ಧ ಬಲೆ! ಇನ್ನರ್ಧ ಮುಳ್ಳಿನ ಹೊರೆಯಲ್ಲೇ ಉಳಿದಿತ್ತು.

"ಮೀನ್ಗೆ ಮನೆ ಕಟ್ಟುದ್ರಿ ಯಜಮಾನ್ರೆ, ನನ್ ಮನೆ ಕಿತ್ತಾಕುದ್ರಿ" ಎಂದ ತಿಮ್ಮಣ್ಣ. ಕೂಗಾಡಿದ್ದರೂ ಚೆನ್ನಾಗಿತ್ತು, ಮೆಲ್ಲಗೆ ಹೇಳಿದ. ಸಂಜೆ ಅವನ ಬಾಗಿಲಲ್ಲಿ ಗಾಡಿ ನಿಂತಿತು, ಪಾತ್ರೆ ಪಡಗ ಏರಿದವು.

ಆ ಸಂಜೆ ಮಾವನವರು ಮಾಡಿದ ಕೆಲಸ ನೋಡಬೇಕಿತ್ತು. ಮುಳ್ಳಿನಲ್ಲಿ ಉಳಿದಿದ್ದ ಅರ್ಧವನ್ನೂ ಬಿಡಿಸಿ ಹರಿದ ಬಲೆ ತರಿಸಿಕೊಂಡು, ನಮ್ಮ ಜಗಲಿಯ ಮೇಲೆ ಎಲ್ಲರೂ ನೋಡುವ ಹಾಗೆ ಕೂತು, ದಾರ ಹಾಕಿ ಹೆಣೆಯತೊಡಗಿದರು! ಅತ್ತೆ ಬಾಗಿಲು ಹಾಕಿಕೊಂಡರು. ಮಾವನವರ ಗಂಟು ಎಂಥದು ಅಂತೀರಾ? ಆ ಬಲೆಯಲ್ಲಿ ಮೀನಿರಲಿ, ನೀರೂ ಆಚೆ ಹೋಗುತ್ತಿರಲಿಲ್ಲ. ಗಾಡಿಗೆ ಹಗ್ಗ ಬಿಗಿಯುತ್ತಿದ್ದ ತಿಮ್ಮಣ್ಣ ನೋಡಿ ನೋಡಿ ತಡೆಯಲಾರದೆ ಬಂದ. ಕೆಳಗೆ ಕೂತು ಒಂದೊಂದೇ ಗಂಟು ಬಿಚ್ಚಿ ಸರಿಯಾಗಿ ಹೆಣೆದ. "ಮನೆ ಮೇಲೆ ಬೀಸ್ಬಾರ್ದಿತ್ತು. ಸುತ್ತಾ ಬೀಸಿ ನೋಡ್ಬೇಕು" ಎಂದು ತನಗೆ ತಾನೇ ಹೇಳಿಕೊಂಡ.

ಬೆಳಿಗ್ಗೆ ಊರೆಲ್ಲ ಏರಿಯ ಮೇಲೆ. ನಾನೂ ಬಿಂದಿಗೆ ಹಿಡಿದು ನಿಂತಿದ್ದೆ. ಗಾಡಿ ಕಟ್ಟಿಯೇ ಇತ್ತು. ತಿಮ್ಮಣ್ಣ ಎದೆಮಟ್ಟದ ನೀರಿಗೆ ಇಳಿದು, ಮುಳ್ಳಿನಿಂದ ಮಾರು ದೂರಕ್ಕೆ ಬಲೆ ಬೀಸಿ, ಎರಡೂ ಕೈಯಲ್ಲಿ ಎಳೆದ. ಬೆಳ್ಳಗೆ ಫಳಫಳ ಎಂದಿತು ಬಲೆ. ಗೆಂಡೆ, ಗೆಂಡೆ, ಬರೀ ಗೆಂಡೆ!

ತಿಮ್ಮಣ್ಣ ಮೈಮರೆತು ಕೂಗಿದ: "ಲೇ! ಬಾರ್ಲಾ ಇಲ್ಲಿ! ನಿನ್ ಮನೆ ತುಂಬವ್ವೆ ಕಣ್ಲಾ!"

ಏರಿಯ ಮೇಲೆ ನಿಂತಿದ್ದ ಶಾನುಭೋಗರ ಬಾಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು. ಬೆಸ್ತರವನು ಯಜಮಾನರಿಗೆ "ಲೇ" ಎನ್ನುವುದೇ? ತಿಮ್ಮಣ್ಣನಿಗೂ ಎಚ್ಚರವಾಗಿ ಮುಖ ಸುಟ್ಟ ಹಾಗಾಯಿತು. ಮಾವನವರು ಮಾತ್ರ ಪಂಚೆ ಎತ್ತಿ ಕಟ್ಟಲೂ ಇಲ್ಲ, ಹಾಗೇ ಓಡಿಹೋಗಿ ನೀರಿಗೆ ಬಿದ್ದರು.

ಆ ಮಧ್ಯಾಹ್ನ ತಿಮ್ಮಣ್ಣನ ಗಾಡಿಯಿಂದ ಪಾತ್ರೆಗಳು ಕೆಳಗಿಳಿದವು. ಒದ್ದೆ ತಲೆ ಒರೆಸಿಕೊಳ್ಳಲು ಮಾವನವರಿಗೆ ಬಟ್ಟೆ ಕೊಡುತ್ತಾ ನಾನು ಕೇಳಿಯೇಬಿಟ್ಟೆ: "ನಾವು ತಿನ್ನದ ಮೀನಿಗೆ ಇಷ್ಟೆಲ್ಲ ಯಾಕೆ ಮಾವ?"

ಅವರು ಬಟ್ಟೆಯೊಳಗಿಂದ ಮುಖ ತೆಗೆಯಲಿಲ್ಲ.

"ಮೀನ್ಗಲ್ಲ ಕಣಮ್ಮ. ನಾವಿಬ್ರೂ ಇದೇ ಕೆರೇಲಿ ಈಜು ಕಲಿತೋರು. ಯಾರೂ ಇಲ್ದಾಗ ಅವ್ನು ನನ್ನ ಲೇ ಅಂತಾನೆ. ನಮ್ಮವ್ವ ಹಂಗೆ ಅನ್ನೋಳು, ಹೋದ್ಲು. ಅಣ್ಣ ಅನ್ನೋನು, ಅವ್ನೂ ಹೋದ. ಇವ್ನೂ ಹೊಂಟೋಗಿದ್ರೆ ನಾನು ಬರೀ ಯಜಮಾನನಾಗೇ ಸಾಯ್ಬೇಕಾಗಿತ್ತಲ್ಲಮ್ಮ."